ಲಾರಿಯವರಿಗೆ ಕರೆಂಟ್ ಪಂಪು

ನಮ್ಮ ಮಾವನಿಗೆ ಕನ್ನಡ ವ್ಯಾಕರಣ ಬರುವುದಿಲ್ಲ ಎಂದು ನಾನು ಹೇಳಿದರೆ ನೀವು ನನ್ನನ್ನೇ ಅನುಮಾನದಿಂದ ನೋಡುತ್ತೀರಿ. ಶಿವಮೊಗ್ಗದ ವಿನೋಬನಗರದಲ್ಲಿ ಹೈಸ್ಕೂಲು ಮಕ್ಕಳಿಗೆ ಏಕವಚನ, ಬಹುವಚನ ಕಲಿಸಿ ಸಂಬಳ ಎಣಿಸುವವಳು ಸ್ವಂತ ಸೋದರಮಾವನ ಮೇಲೆ ಇಂಥ ಆಪಾದನೆ ಹೊರಿಸುವುದು ಶೋಭೆಯೇ? ಆದರೆ ನೀವೇ ಹೇಳಿ. ಮೂವತ್ತು ಚಿಲ್ಲರೆ ವರ್ಷ ಸಂಸಾರ ಮಾಡಿದ ಹೆಂಡತಿಯನ್ನು 'ಏ ಇವಳೇ' ಎಂದು ಕರೆದು, ಅಂಗಳದಲ್ಲಿ ನಿಂತ ಲಾರಿಯನ್ನು 'ಅವರು' ಎನ್ನುವ ಮನುಷ್ಯನಿಗೆ ಎಷ್ಟು ಅಂಕ ಕೊಡೋಣ? 'ಲಾರಿಯವರು ಇವತ್ತು ಯಾಕೋ ಬೇಜಾರಲ್ಲಿದ್ದಾರೆ' ಎಂದು ಮಾವ ಹೇಳಿದರೆ ಕ್ಲಚ್ಚು ಕೈ ಕೊಟ್ಟಿದೆ ಎಂದರ್ಥ. 'ಅವರಿಗೆ ಹೊಟ್ಟೆ ಸರಿಯಿಲ್ಲ' ಎಂದರೆ ಡೀಸೆಲ್ ಟ್ಯಾಂಕಿನಲ್ಲಿ ಕಸ ಸೇರಿದೆ ಎಂದರ್ಥ. ಫೋನಿನಲ್ಲಿ ಈ ಮಾತು ಕೇಳಿಸಿಕೊಂಡ ದೂರದ ನೆಂಟರೊಬ್ಬರು, ಮನೆಯಲ್ಲಿ ಯಾರೋ ಹಿರಿಯರು ಹಾಸಿಗೆ ಹಿಡಿದಿದ್ದಾರೆಂದು ಮೂಸಂಬಿ ಕಟ್ಟಿಸಿಕೊಂಡು ಬಂದದ್ದೂ ಉಂಟು! ಮಾವ ಮೂಸಂಬಿ ತೆಗೆದುಕೊಂಡರು. ವಿಷಯ ತಿಳಿಸುವ ತೊಂದರೆ ತೆಗೆದುಕೊಳ್ಳಲಿಲ್ಲ.

ಮಾವನ ಮನೆ ಭದ್ರಾವತಿಯ ಜನ್ನಾಪುರದಲ್ಲಿ. ಲಾರಿ ಮುಂದೆ ಮೂತಿ ಇರುವ ಹಳೆಯ ಕಾಲದ್ದು. ಈಗಿನ ಮಕ್ಕಳು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಮಾವ ಅದನ್ನು ಲಾರಿಯವರಿಗೆ ಸಲ್ಲುವ ಮರ್ಯಾದೆ ಎಂದು ತಿಳಿದು ಸುಮ್ಮನೆ ಪಕ್ಕಕ್ಕೆ ಸರಿಯುತ್ತಾರೆ. ಹೊಳೆಹೊನ್ನೂರು ಕಡೆಯ ಭತ್ತ, ಹುಲ್ಲು, ಇಟ್ಟಿಗೆ, ಯಾರದೋ ಮನೆ ಬದಲಾಯಿಸುವ ಬೀರು, ಮಂಚ, ಇವೇ ಅದರ ಬಾಡಿಗೆಗಳು. ಒಮ್ಮೆ ಸ್ಟಾರ್ಟ್ ಆದರೆ ಲಾರಿ ಗಾಜನೂರಿನ ತನಕ ಹೋಗಿ ಬಂದರೂ ಉಸಿರು ಬಿಡುವುದಿಲ್ಲ. ಕಷ್ಟವಿರುವುದು ಆ ಮೊದಲ ಸ್ಟಾರ್ಟಿನಲ್ಲಿ.

ಇಲ್ಲಿ ನಾನು ಸ್ವಲ್ಪ ಪಾಠ ಮಾಡಬೇಕಾಗಿದೆ, ಕ್ಷಮಿಸಿ. ಟ್ಯಾಂಕಿನಲ್ಲಿರುವ ಡೀಸೆಲನ್ನು ಎಳೆದು ಇಂಜಿನ್ನಿಗೆ ಕೊಡಲು ಒಂದು ಪುಟ್ಟ ಪಂಪು ಇರುತ್ತದೆ. ಮಾವನ ಲಾರಿಯಲ್ಲಿ ಇದ್ದದ್ದು ಮೆಕ್ಯಾನಿಕಲ್ ಪಂಪು. ಅಂದರೆ ಇಂಜಿನ್ ಓಡಿದರೆ ಪಂಪು ಓಡುತ್ತದೆ. ಪಂಪು ಓಡಿದರೆ ಇಂಜಿನ್ ಓಡುತ್ತದೆ. ಮೊದಲು ಯಾರು ಓಡಬೇಕು ಎಂಬುದು ಅವರವರ ನಡುವೆ ಇತ್ಯರ್ಥವಾಗದ ಸಂಸಾರ! ರಾತ್ರಿ ಲಾರಿ ನಿಂತಾಗ ಪೈಪಿನಲ್ಲಿದ್ದ ಡೀಸೆಲ್ ನಿಧಾನವಾಗಿ ಟ್ಯಾಂಕಿಗೆ ವಾಪಸ್ ಇಳಿದು, ಪೈಪಿನಲ್ಲಿ ಗಾಳಿ ತುಂಬುತ್ತಿತ್ತು. ವಾಷರು ಬದಲಾಯಿಸಿದರೆ ಕೆಲವು ತಿಂಗಳು ಸುಖ, ಆಮೇಲೆ ಯಥಾಪ್ರಕಾರ. ಬೆಳಿಗ್ಗೆ ಒಬ್ಬರು ಮೂತಿಯ ಮುಚ್ಚಳ ಎತ್ತಿ ಪಂಪಿನ ಗುಂಡಿಯನ್ನು ಕೈಯಲ್ಲಿ ಒತ್ತುತ್ತಲೇ ಇರಬೇಕು, ಇನ್ನೊಬ್ಬರು ಡ್ರೈವರ್ ಸೀಟಿನಲ್ಲಿ ಕೂತು ಕೀ ತಿರುಗಿಸಬೇಕು. ಮಾವ ಒಬ್ಬರೇ ಒತ್ತಿ, ಕೆಳಗಿಳಿದು, ತಮ್ಮ ಹೊಟ್ಟೆಯನ್ನೂ ಹೊತ್ತುಕೊಂಡು ಸುತ್ತಿ ಬಂದು ಸೀಟು ಹತ್ತುವಷ್ಟರಲ್ಲಿ ಡೀಸೆಲ್ ಮತ್ತೆ ಟ್ಯಾಂಕು ಸೇರಿರುತ್ತಿತ್ತು.

ಆ ಇನ್ನೊಬ್ಬರು ನಮ್ಮ ಅತ್ತೆ. ಬೆಳಗಿನ ಕಾಫಿಯಾದ ಮೇಲೆ ಮಾವ ಲಾರಿಯೊಳಗೆ ತಲೆ ತೂರಿಸಿ, "ಹ್ಞೂಂ, ಹೊಡಿ" ಎನ್ನುವರು. ಅತ್ತೆ ಕೀ ತಿರುಗಿಸಿ ಸೆಲ್ಫ್ ಹೊಡೆಯುವರು. ಲಾರಿಯವರು ಕೆಮ್ಮಿ, ಕ್ಯಾಕರಿಸಿ ಎದ್ದೇಳುವರು. ಅಕ್ಕಪಕ್ಕದ ಮನೆಗಳಲ್ಲಿ ಇದನ್ನೇ ಗಡಿಯಾರ ಮಾಡಿಕೊಂಡು ಮಕ್ಕಳನ್ನು ಸ್ನಾನಕ್ಕೆ ಅಟ್ಟುತ್ತಿದ್ದರು.

ಹೋದ ವರ್ಷ ಅತ್ತೆಗೆ ಲಕ್ವ ಹೊಡೆಯಿತು. ಜೀವಕ್ಕೆ ಅಪಾಯವಾಗಲಿಲ್ಲ, ಬಲಗೈ, ಬಲಗಾಲು ಸೋತವು. ಮಕ್ಕಳಿಲ್ಲದ ಆ ದಂಪತಿಗೆ ನಾನೇ ಮಗಳು, ನಾನೇ ವಕೀಲೆ. ಆಸ್ಪತ್ರೆಯಿಂದ ಬಂದ ಮೇಲೆ ಭಾನುವಾರ ಭಾನುವಾರ ಬಸ್ಸು ಹತ್ತಿ ಹೋಗುತ್ತಿದ್ದೆ. ಹೋದರೆ ಏನು ನೋಡುವುದು? ಅದೇ ಮಾವ, ಅದೇ ಲಾರಿ, ಅದೇ "ಏ ಇವಳೇ, ಬಾರೇ"! ಅತ್ತೆ ಗೋಡೆ ಹಿಡಿದು ಹೊರಗೆ ಬಂದು, ಮಾವನ ಭುಜ ಹಿಡಿದು ಅಂಗಳ ದಾಟಿ, ಬಲಗಾಲನ್ನು ಎಡಗೈಯಿಂದ ಎತ್ತಿ ಲಾರಿಯ ಮೆಟ್ಟಿಲ ಮೇಲೆ ಇಟ್ಟು, ಏದುಸಿರು ಬಿಡುತ್ತಾ ಸೀಟು ಹತ್ತಬೇಕು. ಇದನ್ನು ಕಂಡು ನನ್ನ ರಕ್ತ ಕುದಿಯಿತು. ಮನುಷ್ಯನಿಗೆ ಕನಿಷ್ಠ ಕರುಣೆ ಬೇಡವೇ? ಅತ್ತೆಯನ್ನು ಈ ಚಾಕರಿಯಿಂದ ಬಿಡಿಸದಿದ್ದರೆ ನಾನು ಸೊಸೆಯೇ ಅಲ್ಲ ಎಂದು ಅಲ್ಲಿಯೇ ಪ್ರತಿಜ್ಞೆ ಮಾಡಿದೆ.

ವಿಚಾರಿಸಿದಾಗ ತಿಳಿಯಿತು, ಇಂಥ ಗಾಡಿಗೆ ಕರೆಂಟ್ ಪಂಪು ಹಾಕಿಸಬಹುದಂತೆ. ಕೀ ತಿರುಗಿಸಿದರೆ ಸಾಕು, ಪಂಪು ತಾನೇ ಡೀಸೆಲ್ ತುಂಬಿಸುತ್ತದಂತೆ. ಗುಂಡಿ ಒತ್ತುವುದೂ ಬೇಡ, ಇನ್ನೊಬ್ಬರೂ ಬೇಡ. ಮಾವನ ಮುಂದೆ ಹೇಳಿದೆ. ಮಾವ ಎಲೆಯಡಿಕೆ ಒಂದು ಕೆನ್ನೆಯಿಂದ ಇನ್ನೊಂದಕ್ಕೆ ದಾಟಿಸಿ ನನ್ನನ್ನು ಕನಿಕರದಿಂದ ನೋಡಿದರು.

"ಕರೆಂಟು ಅನ್ನೋದು ಬಂದು ಹೋಗೋ ವಸ್ತು ಮಾರಾಯ್ತಿ. ನೆಂಟರನ್ನ ನಂಬ್ಕೊಂಡು ಯಾರಾದ್ರೂ ಒಲೆ ಹಚ್ತಾರಾ?"

ಇದು ಆ ಕರೆಂಟ್ ಅಲ್ಲ, ಬ್ಯಾಟರಿಯದು ಎಂದೆ. ಬ್ಯಾಟರಿಗೆ ಕರೆಂಟ್ ಎಲ್ಲಿಂದ ಬರುತ್ತೆ ಎಂದರು. ಇಂಜಿನ್ನಿನಿಂದ ಎಂದೆ. ಇಂಜಿನ್ನಿಗೆ ಡೀಸೆಲ್ ಎಲ್ಲಿಂದ ಎಂದರು. ಪಂಪಿನಿಂದ ಎಂದೆ. ಪಂಪಿಗೆ? ನಾನು ಕನ್ನಡ ಮೇಡಂ. ಸಂಧಿಯನ್ನಾದರೆ ಬಿಡಿಸಬಲ್ಲೆ, ಇದನ್ನಲ್ಲ.

ಆದರೂ ಮಾತು ಅವರ ತಲೆ ಹೊಕ್ಕಿತ್ತು. ಮಾವ ಯಾವುದನ್ನೂ ಹತ್ತು ಜನರನ್ನು ಕೇಳದೆ ತಿರಸ್ಕರಿಸುವವರಲ್ಲ. ಬಾಡಿಗೆಗೆ ಹೋದಲ್ಲೆಲ್ಲ, 'ಕರೆಂಟ್ ಪಂಪು ಹಾಕ್ಸೋಣ ಅಂತಿದೀನಿ, ಏನಂತೀರಿ?' ಎಂದು ಕೇಳಿಕೊಂಡು ಬಂದರು. ಯಾವುದಕ್ಕೆ ಎಂದು ಹೇಳಲಿಲ್ಲ. ಮಾವನ ಮಟ್ಟಿಗೆ ಜಗತ್ತಿನಲ್ಲಿ ಪಂಪು ಇರುವುದು ಲಾರಿಯವರಿಗೆ ಮಾತ್ರ. ಆದರೆ ಹೊಳೆಹೊನ್ನೂರಿನ ಭತ್ತದ ಬೆಳೆಗಾರರ ಮುಂದೆ ಕರೆಂಟ್ ಪಂಪು ಎಂದರೆ ಅವರಿಗೆ ಕಾಣಿಸುವುದು ಏನು? ತ್ರೀ ಫೇಸ್ ಇದ್ದರೆ ಮಾತ್ರ ಹಾಕಿಸಿ ಎಂದರು ಒಬ್ಬರು. ಸ್ಟಾರ್ಟರ್ ಡಬ್ಬಿಗೆ ಮಳೆ ತಾಗದಂತೆ ತಗಡು ಹೊದಿಸಿ ಎಂದರು ಇನ್ನೊಬ್ಬರು. ಐದು ಎಚ್‌ಪಿ ಸಾಕು, ಏಳೂವರೆ ಹಾಕಿದರೆ ಕೆಸರು ಎಳೆಯುತ್ತೆ ಎಂದರು ಮೂರನೆಯವರು. ಮಾವ ಮನೆಗೆ ಬಂದು, "ಲಾರಿಗೆ ಐದು ಎಚ್‌ಪಿ ಪಂಪ್ ಹಾಕಿದ್ರೆ ಇಂಜಿನ್ ಯಾಕೆ ಬೇಕು ಹೇಳು? ಪಂಪೇ ಎಳ್ಕೊಂಡು ಹೋಗುತ್ತೆ" ಎಂದು ನನಗೆ ಫೋನು ಮಾಡಿದರು.

ಸುದ್ದಿಗೆ ಕಾಲು ಮೂಡಿತು. ಮಾವ ಅಂಗಳದಲ್ಲಿ ಬೋರು ಕೊರೆಸುತ್ತಾರಂತೆ ಎಂದು ಜನ್ನಾಪುರವಿಡೀ ಹಬ್ಬಿತು. ಮುಂದಿನ ಭಾನುವಾರ ನಾನು ಹೋದಾಗ ಗೇಟಿನ ಹತ್ತಿರ ಒಬ್ಬರು ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ನಿಂತಿದ್ದರು. ನೀರು ತೋರಿಸುವವರು! ಕರೆದವರು ಯಾರು ಎಂದು ಇವತ್ತಿಗೂ ಗೊತ್ತಿಲ್ಲ. ಬಂದವರನ್ನು ವಾಪಸ್ ಕಳಿಸುವುದು ಸರಿಯಲ್ಲ ಎಂದು ಮಾವ ಅವರಿಗೆ ಅಂಗಳ ಬಿಟ್ಟುಕೊಟ್ಟರು. ಆತ ಕಣ್ಣು ಮುಚ್ಚಿಕೊಂಡು ಸಂಪಿಗೆ ಗಿಡದಿಂದ ಕಾಂಪೌಂಡಿನವರೆಗೆ ನಡೆದರು, ಕಾಯಿ ಅಲುಗಲಿಲ್ಲ. ಬಾವಿಕಟ್ಟೆಯ ಪಕ್ಕ ಹೋದರು, ಅಲ್ಲೂ ಅಲುಗಲಿಲ್ಲ. ಅದು ನೀರಿರುವ ಬಾವಿ ಎಂಬುದನ್ನು ಯಾರೂ ಎತ್ತಿ ಆಡಲಿಲ್ಲ. ಕೊನೆಗೆ ಲಾರಿಯ ಮೂತಿಯ ಪಕ್ಕಕ್ಕೆ ಬಂದಾಗ ಕಾಯಿ ಜಗ್ಗನೆ ಎದ್ದು ನಿಂತಿತು. ಇಲ್ಲೇ ಇದೆ, ಭಾರೀ ಸೆಲೆ, ಲಾರಿ ತೆಗೀರಿ ಎಂದರು ಆತ. ಮಾವ ಬಗ್ಗಿ ನೆಲ ಮುಟ್ಟಿ, ಬೆರಳು ಮೂಸಿ ನೋಡಿದರು.

"ಅದು ನೀರಲ್ಲ ಸ್ವಾಮಿ, ಡೀಸೆಲ್ಲು. ನಮ್ಮೋರು ಸೋರ್ತಿದ್ದಾರೆ."

ಬಾಗಿಲಲ್ಲಿ ಕೂತಿದ್ದ ಅತ್ತೆ ನಕ್ಕ ನಗೆ! ಕಾಯಿಲೆಯಾದ ಮೇಲೆ ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ತೆಂಗಿನಕಾಯಿ ಅವತ್ತೇ ಚಟ್ನಿಯಾಯಿತು.

ಸೋರುವುದು ಖಾತ್ರಿಯಾದ ಮೇಲೆ ಪಂಪಿಗೆ ಏನಾದರೂ ಮಾಡಲೇಬೇಕಾಯಿತು. ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ ಗ್ಯಾರೇಜು ಇಟ್ಟಿರುವ ಬಾಷಾ ಭಾಯ್ ಮಾವನ ಹಳೆಯ ದೋಸ್ತಿ. ಮಾವ ಅಲ್ಲಿಗೆ ಹೊರಟ ರೀತಿ ನೋಡಬೇಕಿತ್ತು. ಇಸ್ತ್ರಿ ಮಾಡಿದ ಅಂಗಿ, ಹೆಗಲ ಮೇಲೆ ಹೊಸ ಟವೆಲು, ಹಿಂದೆ ನಾನು. ಹೆಣ್ಣು ನೋಡುವ ಶಾಸ್ತ್ರಕ್ಕೆ ಇದಕ್ಕಿಂತ ಕಡಿಮೆ ತಯಾರಿಯಲ್ಲಿ ಹೋಗುವವರಿದ್ದಾರೆ. ಬಾಷಾ ಭಾಯ್ ಚಹಾ ತರಿಸಿ, ಎರಡೂ ಪಂಪುಗಳನ್ನು ಪೇಪರಿನ ಮೇಲೆ ಅಕ್ಕಪಕ್ಕ ಕೂರಿಸಿದರು.

ಮೆಕ್ಯಾನಿಕಲ್ ಆದರೆ ಕಾಡಿನ ಮಧ್ಯೆ ನಿಂತರೂ ಒಂದು ಸ್ಪ್ಯಾನರು, ಒಂದು ವಾಷರು ಇದ್ದರೆ ದಾರಿ ಸಾಗುತ್ತದೆ, ವೈರಿನ ಗೊಡವೆ ಇಲ್ಲ, ಆದರೆ ಪೈಪೂ ಹಳೆಯದಾದ್ದರಿಂದ ಬೆಳಗಿನ ಗಾಳಿಯ ಕಾಟ ಮತ್ತೆ ಬರುವುದಿಲ್ಲ ಎಂದು ಹೇಳಲಾಗುವುದಿಲ್ಲ ಎಂದರು ಭಾಯ್. ಕರೆಂಟಿನದಾದರೆ ಆ ಕಾಟವಿಲ್ಲ, ಆದರೆ ವೈರು, ಫ್ಯೂಸು, ಅರ್ತಿಂಗು ಎಲ್ಲ ಸರಿ ಇರಬೇಕು, ಪ್ರೆಷರ್ ಜಾಸ್ತಿ ಇರುವುದನ್ನು ಹಳೇ ಇಂಜಿನ್ನಿಗೆ ಹಾಕಬಾರದು, ಕೆಟ್ಟರೆ ರಿಪೇರಿ ಎಂಬುದಿಲ್ಲ, ಎಸೆದು ಹೊಸದು ತರಬೇಕು ಎಂದರು. ಮಾವ ಕರೆಂಟ್ ಪಂಪಿಗೆ ಬ್ಯಾಟರಿ ಮುಟ್ಟಿಸಿ ಕಿವಿಗೆ ಹಿಡಿದರು. ಅದು 'ಗುಂಯ್' ಎಂದಿತು.

"ಸೊಳ್ಳೆ ಜಾತಿ," ಎಂದರು ಮಾವ. ಸ್ವಭಾವ ಹೇಗೆ, ಸಿಟ್ಟು ಜಾಸ್ತಿಯೋ, ಬಿಸಿಲು ತಡೆಯುತ್ತದೋ, ಹಿಂದೆ ಹಾಕಿಸಿಕೊಂಡವರ ಮನೆಯಲ್ಲಿ ಹೇಗೆ ನಡೆದುಕೊಂಡಿದೆ ಎಂದೆಲ್ಲ ವಿಚಾರಿಸಿದರು. ಜಾತಕ ಮಾತ್ರ ಕೇಳಲಿಲ್ಲ. ಚಹಾ ಎರಡನೇ ಸಲ ಬಂತು. ಬಾಷಾ ಭಾಯ್‌ಗೆ ತಾಳ್ಮೆ ಜಾಸ್ತಿ, ಆದರೆ ಗಿರಾಕಿಗಳು ಸಾಲುಗಟ್ಟಿದ್ದರು.

"ಯಜಮಾನ್ರೇ, ಎರಡೂ ಒಳ್ಳೇದೇ. ಫೈಸಲಾ ನೀವ್ ಮಾಡ್ಬೇಕು."

ಮಾವ ನನ್ನ ಮುಖ ನೋಡಿದರು. ನಾನು ಅತ್ತೆಯ ಸೋತ ಕಾಲಿನ ಬಗ್ಗೆ, ಲಾರಿಯ ಎತ್ತರದ ಮೆಟ್ಟಿಲಿನ ಬಗ್ಗೆ, ಬಿದ್ದರೆ ಗತಿಯೇನು ಎಂಬ ಬಗ್ಗೆ ಗ್ಯಾರೇಜಿನವರೆಲ್ಲ ಸ್ಪ್ಯಾನರು ಕೆಳಗಿಟ್ಟು ಕೇಳುವಂತೆ ಭಾಷಣ ಮಾಡಿದೆ. ಮಾವ ಬಹಳ ಹೊತ್ತು ಮೆಕ್ಯಾನಿಕಲ್ ಪಂಪಿನ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತುತ್ತಾ ಕೂತಿದ್ದರು. ಆಮೇಲೆ ಅವರು ಕೊಟ್ಟ ತೀರ್ಪು ಎರಡೂ ಇರಲಿ ಎಂಬುದು! ಒಂದೇ ಮನೆಯಲ್ಲಿ ಇಬ್ಬರಿದ್ದರೆ ಜಗಳವಾಡುತ್ತಾರೋ ಎಂಬ ಒಂದೇ ಶಂಕೆ. ಕರೆಂಟಿನದನ್ನು ಟ್ಯಾಂಕಿನ ಹತ್ತಿರ ಹಾಕುತ್ತೇನೆ, ಹಳೆಯದು ಇಂಜಿನ್ನಿನ ಹತ್ತಿರ ಇದ್ದಲ್ಲೇ ಇರುತ್ತದೆ, ಒಬ್ಬರ ಮುಖ ಒಬ್ಬರು ನೋಡುವುದಿಲ್ಲ ಎಂದರು ಬಾಷಾ ಭಾಯ್. ಕರೆಂಟಿನದು ಕೆಟ್ಟು ನಿಂತರೂ ಡೀಸೆಲ್ ಅದರೊಳಗಿಂದಲೇ ಹಾದು ಬರುತ್ತದೆ, ಮೊದಲಿನ ಹಾಗೆ ಗುಂಡಿ ಒತ್ತಿಕೊಳ್ಳಬಹುದು. ಹಾಗಾದರೆ ಸಂಬಂಧ ಒಪ್ಪಿಗೆ ಎಂದರು ಮಾವ.

ಭಾಯ್ ಭದ್ರಾವತಿಗೇ ಬಂದು ಕೆಲಸ ಮುಗಿಸಿಕೊಟ್ಟರು. ಸೋರುವುದನ್ನೂ ನಿಲ್ಲಿಸಿದರು. ಹೋಗುವ ಮುಂಚೆ ಡ್ರೈವರ್ ಸೀಟಿನ ಮುಂದಿದ್ದ ಡಬ್ಬಿ ತೆರೆದು, ಈ ಕೆಂಪು ಫ್ಯೂಸು ಕಿತ್ತರೆ ಪಂಪ್ ಬಂದ್, ಹಾಕಿದರೆ ಚಾಲೂ ಎಂದು ದೊಡ್ಡ ದನಿಯಲ್ಲಿ ಪಾಠ ಮಾಡಿದರು. ಮಾವ ಕೀ ತಿರುಗಿಸಿದರು. ಗುಂಯ್ ಎಂದಿತು. ಲಾರಿಯವರು ಕೆಮ್ಮಲಿಲ್ಲ, ಕ್ಯಾಕರಿಸಲಿಲ್ಲ, ಹೊಸ ಬಸ್ಸಿನ ಹಾಗೆ ಎದ್ದು ನಿಂತರು. ಬಾಗಿಲಲ್ಲಿ ಕೂತಿದ್ದ ಅತ್ತೆಗೆ ನಾನು ವಿಜಯದ ನಗೆ ಬೀರಿದೆ. ಇನ್ನು ಮೇಲೆ ಹಾಯಾಗಿ ಮಲಗಿ ಅತ್ತೆ, ಯಾರೂ ನಿಮ್ಮನ್ನು ಎಬ್ಬಿಸುವುದಿಲ್ಲ ಎಂದೆ. ಅತ್ತೆ, "ಹೌದಲ್ಲ" ಎಂದರು.

ಅತ್ತೆ ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿದರು. ಮುಂದಿನ ಭಾನುವಾರ ಹೋದರೆ ಬಿಸಿಲೇರಿದರೂ ಅವರು ಮಲಗಿಯೇ ಇದ್ದರು. ತಲೆ ಬಾಚಿರಲಿಲ್ಲ. ಅದರ ಮುಂದಿನ ವಾರವೂ ಅಷ್ಟೆ. ಕೈಯಲ್ಲಿ ಅದುಮುತ್ತಿರಿ ಎಂದು ಫಿಸಿಯೋಥೆರಪಿಯವರು ಕೊಟ್ಟಿದ್ದ ರಬ್ಬರ್ ಚೆಂಡನ್ನು ಪಕ್ಕದ ಮನೆಯ ಮಗುವಿಗೆ ಕೊಟ್ಟುಬಿಟ್ಟಿದ್ದರು. ನಡೆದಾಡಿ ಎಂದರೆ ಎಲ್ಲಿಗೆ ಎಂದು ಕೇಳುತ್ತಿದ್ದರು.

ಮಾವ ಒಂದು ದಿನ ಸುಮ್ಮನೆ ಬಂದು ಸೀಟಿನಲ್ಲಿ ಕೂತುಕೋ ಎಂದು ಕರೆದರಂತೆ. ಇದನ್ನು ಅತ್ತೆಯೇ ನನಗೆ ಹೇಳಿದರು, ಗೋಡೆಯ ಕಡೆ ತಿರುಗಿಕೊಂಡು.

"ಗಾಡಿ ತಾನಾಗೇ ಸ್ಟಾರ್ಟ್ ಆಗುತ್ತಲ್ಲೇ. ನಾನಲ್ಲಿ ಹೋಗಿ ಗೊಂಬೆ ಥರ ಕೂರ್ಲಾ?"

ಆವತ್ತು ಬಸ್ಸಿನಲ್ಲಿ ವಾಪಸ್ ಬರುವಾಗ ನನಗೆ ಗಾಬರಿಯಾಗಿತ್ತು. ಲಾರಿ ಸರಿಹೋಗಿತ್ತು, ಅತ್ತೆ ಕೈಬಿಟ್ಟು ಹೋಗುತ್ತಿದ್ದರು. ಆ ಅಂಗಳದ ನಾಲ್ಕು ಹೆಜ್ಜೆಯನ್ನು ಬಿಟ್ಟರೆ ಅವರು ಬೇರೆ ಯಾವ ಕಾರಣಕ್ಕೂ ಹೊಸಿಲು ದಾಟುತ್ತಿರಲಿಲ್ಲ ಎಂಬುದು ನನ್ನ ಕಣ್ಣಿಗೆ ಬೀಳಲೇ ಇಲ್ಲ. ಮಾವನಿಗೆ ಗೊತ್ತಿತ್ತೋ ಏನೋ. ಗ್ಯಾರೇಜಿನಲ್ಲಿ ಅವರು ಆ ಗುಂಡಿಯನ್ನು ಅಷ್ಟು ಹೊತ್ತು ಒತ್ತುತ್ತಾ ಕೂತಿದ್ದಾಗ ನಾನು ಭಾಷಣ ನಿಲ್ಲಿಸಿ ಕೇಳಬಹುದಿತ್ತು.

ಮತ್ತೊಂದು ವಾರ ಶನಿವಾರ ಸಂಜೆಯೇ ಹೋಗಿ ಉಳಿದುಕೊಂಡೆ. ಭಾನುವಾರ ಬೆಳಿಗ್ಗೆ ಮಾವನಿಗೆ ಇಟ್ಟಿಗೆ ಬಾಡಿಗೆ ಇತ್ತು. ಕೀ ತಿರುಗಿಸಿದರು. ಗುಂಯ್ ಇಲ್ಲ. ಮತ್ತೆ ತಿರುಗಿಸಿದರು. ಲಾರಿ ಗರಗರ ಎಂದು ಗರ ಬಡಿದವರಂತೆ ಸುಮ್ಮನಾಯಿತು. ಮಾವ ನನ್ನ ಕಡೆ ನೋಡಿದ ನೋಟದಲ್ಲಿ, ಹೇಳಿರಲಿಲ್ಲವಾ ಎಂಬುದು ತುಂಬಿ ತುಳುಕುತ್ತಿತ್ತು. ಡಬ್ಬಿ ತೆರೆದರು. ಫ್ಯೂಸು ಸುಟ್ಟಿರಲಿಲ್ಲ. ಫ್ಯೂಸೇ ಇರಲಿಲ್ಲ.

ನೀನು ಮುಟ್ಟಿದೆಯಾ ಎಂದು ನನ್ನನ್ನು ಕೇಳಿದರು. ನಾನೇಕೆ ಮುಟ್ಟಲಿ ಎಂದೆ. ಫ್ಯೂಸೊಂದನ್ನೇ ಕದಿಯಲು ಬರುವ ಕಳ್ಳನಾದರೂ ಯಾರು? ಮಾವ ಗೊಣಗುತ್ತಾ ಕೆಳಗಿಳಿದವರು ಹಾಗೇ ನಿಂತುಬಿಟ್ಟರು. ಮೆಟ್ಟಿಲ ಕೆಳಗೆ, ಮುಂದಿನ ಚಕ್ರದ ಹಿಂದೆ, ನೀಲಿ ಪಟ್ಟಿಯ ಒಂದು ಹವಾಯಿ ಚಪ್ಪಲಿ ಬಿದ್ದಿತ್ತು. ಒಂದೇ, ಬಲಗಾಲಿನದು. ಲಕ್ವ ಹೊಡೆದ ಮೇಲೆ ಅತ್ತೆಯ ಬಲಗಾಲಿನಲ್ಲಿ ಚಪ್ಪಲಿ ನಿಲ್ಲುವುದಿಲ್ಲ, ಜಾರಿ ಬಿದ್ದರೂ ಅವರಿಗೆ ತಿಳಿಯುವುದಿಲ್ಲ.

ಹಿಂದಿನ ದಿನ ಮಧ್ಯಾಹ್ನ ಮಾವ ಪೇಟೆಗೆ ಹೋಗಿದ್ದರು. ನಾನಿನ್ನೂ ಬಂದಿರಲಿಲ್ಲ. ಮನೆಯಲ್ಲಿ ಅತ್ತೆ ಒಬ್ಬರೇ. ಗೋಡೆ ಮುಗಿದ ಮೇಲೆ ಹಿಡಿಯಲು ಯಾರ ಭುಜವೂ ಇಲ್ಲದ ಆ ಅಂಗಳವನ್ನು ಅವರು ದಾಟಿದ್ದರು. ಯಾರ ಆಸರೆಯೂ ಇಲ್ಲದೆ ಆ ಮೆಟ್ಟಿಲು ಹತ್ತಿದ್ದರು. ಇಳಿದು ವಾಪಸ್ ನಡೆದೂ ಇದ್ದರು, ಬರಿಗಾಲಿನಲ್ಲಿ. ಮಾವನಿಗೂ ಇದೆಲ್ಲ ಒಂದೊಂದಾಗಿ ಕಾಣಿಸಿರಬೇಕು. ಚಪ್ಪಲಿಯನ್ನು ಎತ್ತಿಕೊಂಡು, ಅದಕ್ಕೆ ಅಂಟಿದ ಮಣ್ಣನ್ನು ಹೆಗಲ ಟವೆಲಿನಿಂದ ಒರೆಸಿದರು. ಒರೆಸಿ ಮುಗಿದ ಮೇಲೂ ಒರೆಸುತ್ತಲೇ ಇದ್ದರು. ನಾನು ಬಾಯಿ ತೆರೆಯಹೋದೆ. ಮಾವ ಬೇಡ ಎಂಬಂತೆ ತಲೆ ಆಡಿಸಿ, ಬಾಗಿಲ ಕಡೆ ತಿರುಗಿದರು.

"ಏ ಇವಳೇ. ಕರೆಂಟ್ ಪಂಪು ಕೈ ಕೊಡ್ತು ಕಣೇ. ಸ್ವಲ್ಪ ಬರ್ತೀಯಾ?"

ಒಳಗಿನಿಂದ ಬಂದೆ ಎಂಬ ಉತ್ತರ ಕಾಯುತ್ತಿದ್ದಂತೆ ಬಂತು. ಹಿಂದೆಯೇ ಅತ್ತೆ ಬಂದರು. ತಲೆ ಬಾಚಿತ್ತು, ಹಣೆಯಲ್ಲಿ ಕುಂಕುಮವಿತ್ತು, ಒಗೆದ ಸೀರೆ ಉಟ್ಟಿದ್ದರು. ಮಾವ ಭುಜ ಕೊಡಲು ಹೋದರು. ಅತ್ತೆ ಬಿಡಿ ಎಂದು ತಾವೇ ಲಾರಿ ಬಾಗಿಲ ಹಿಡಿಕೆ ಹಿಡಿದು ಹತ್ತಿ ಕೂತರು. ಮಾವ ಮೆಟ್ಟಿಲ ಹತ್ತಿರ ನಿಂತು, ಅವರ ಬಲಗಾಲನ್ನು ಅಂಗೈ ಮೇಲೆ ಇಟ್ಟುಕೊಂಡು, ಬೆರಳುಗಳನ್ನು ಬಿಡಿಸಿ ಒಂದೊಂದನ್ನೇ ಪಟ್ಟಿಯೊಳಗೆ ಸೇರಿಸಿ ಚಪ್ಪಲಿ ತೊಡಿಸಿದರು.

ಅತ್ತೆಯ ಮುಖ ಬಿಳಿಚಿಕೊಂಡಿತು.

"ಎಲ್ಲಿತ್ರೀ ಇದು?"

"ಹಿತ್ಲಲ್ಲಿ, ಬಚ್ಚಲ ಹತ್ರ ಬಿದ್ದಿತ್ತು," ಎಂದರು ಮಾವ. "ನಾಯಿ ಎಳ್ಕೊಂಡು ಹೋಗಿತ್ತು ಕಾಣುತ್ತೆ."

ಅತ್ತೆ ಅವರ ಮುಖವನ್ನೇ ನೋಡಿದರು. ಮಾವ ನೋಡಲಿಲ್ಲ, ಸುತ್ತಿ ಬಂದು ಲಾರಿಯ ಮೂತಿಯೊಳಗೆ ತಲೆ ತೂರಿಸಿ ಗುಂಡಿ ಒತ್ತತೊಡಗಿದರು. ಅತ್ತೆ ತಮ್ಮ ಸೋತ ಬಲಗೈಯನ್ನು ಎಡಗೈಯಿಂದ ಎತ್ತಿ ಕೀಯ ಮೇಲೆ ಇಟ್ಟುಕೊಂಡು ಕಾದರು. ನನಗೆ ಅಳು ಬಂದುಬಿಟ್ಟಿತ್ತು, ತಡೆದುಕೊಳ್ಳಲಿಲ್ಲ. ಹೊಡಿ ಎಂದು ಮಾವ ಮೆಲ್ಲಗೆ ಹೇಳಿದ್ದು ಅತ್ತೆಗೆ ಕೇಳಿಸಲಿಲ್ಲ. ಇನ್ನೊಂದು ಸಲ ಹೇಳಬೇಕಾಯಿತು.